ದಾನಿಯಾಗಲು ಸೂಕ್ತರಲ್ಲ

ಜೂನ್ ೨, ಸೋಮವಾರ

ರಕ್ತದ ಗುಂಪು ಹೊಂದುತ್ತದೆಯಂತೆ. ಅಮ್ಮ ಫೋನಿನಲ್ಲಿ ಹೇಳಿದ ರೀತಿ ಕೇಳಿದ್ದರೆ ಯಾರಾದರೂ ನನಗೆ ಈ ವಯಸ್ಸಿನಲ್ಲಿ ಇನ್ನೊಂದು ಮದುವೆ ಗೊತ್ತಾಗಿದೆ ಎಂದುಕೊಳ್ಳಬೇಕು. "ಹೊಂದುತ್ತೆ ಕಣೇ, ನಿಂದು ಹೊಂದುತ್ತೆ!" ಎಂದು ಅತ್ತಳು, ನಕ್ಕಳು, ಮತ್ತೆ ಅತ್ತಳು. "ಒಳ್ಳೇದಾಯ್ತು ಬಿಡಮ್ಮ" ಎಂದೆ. ಫೋನಿಟ್ಟ ಮೇಲೆ ನೋಡಿಕೊಂಡರೆ ನನ್ನ ಎಡಗೈ ಸೊಂಟದ ಹಿಂದೆ ಹೋಗಿ, ನೂಕುನುಗ್ಗಲಿನಲ್ಲಿ ಪರ್ಸು ಹಿಡಿದುಕೊಳ್ಳುವ ಹಾಗೆ ಕಿಡ್ನಿಯನ್ನು ಹಿಡಿದುಕೊಂಡಿತ್ತು.

ತಮ್ಮನ ಎರಡೂ ಕಿಡ್ನಿ ಕೈಕೊಟ್ಟು ವರ್ಷವಾಗುತ್ತ ಬಂತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು ಈಗ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಾನೆ. ಚಿಕ್ಕಂದಿನಲ್ಲಿ ದುಂಡಗಿದ್ದನೆಂದು ಗುಂಡ ಎಂದು ಕರೆದೆವು. ಈಗ ಹಾಗೆ ಕರೆಯಲು ಬಾಯಿ ಬರುವುದಿಲ್ಲ, ನಿಜವಾದ ಹೆಸರು ಕರೆದರೆ ಅವನೇ ಗಾಬರಿಯಾಗುತ್ತಾನೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಅವಳದು ಆಗುವುದಿಲ್ಲ. ಮೊದಲು ಪರೀಕ್ಷೆಗೆ ಹೋದವಳು ಅವನ ಹೆಂಡತಿ, ನಮ್ಮ ಮನೆಯ ಮಹಾರಾಣಿ. ಬ್ಯೂಟಿ ಪಾರ್ಲರಿನಲ್ಲಿ ಕೆಲಸ, ಆಸ್ಪತ್ರೆಗೂ ಹುಬ್ಬು ತಿದ್ದಿಕೊಂಡೇ ಬರುವವಳು. ರಕ್ತ ಹೊಂದಿತು, ಪರೀಕ್ಷೆಗಳೆಲ್ಲ ಮುಗಿದವು, ಕೊನೆಗೆ ಆಸ್ಪತ್ರೆಯವರು ದಾನಿಯಾಗಲು ಸೂಕ್ತರಲ್ಲ ಎಂದುಬಿಟ್ಟರು. ಇನ್ನು ಉಳಿದವಳು ನಾನು, ಅಕ್ಕ.

ನಮ್ಮ ಯಜಮಾನರಿಗೆ ಹೇಳಿದೆ. ಮಡಿಸಿದ್ದ ಅಂಗಿಯನ್ನು ಬಿಚ್ಚಿ, ಮತ್ತೆ ಮಡಿಸಿ, "ನಿನ್ನಿಷ್ಟ" ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಕಿಟಕಿ ಪರದೆಯ ಬಣ್ಣವನ್ನೂ ನನ್ನಿಷ್ಟಕ್ಕೆ ಬಿಟ್ಟವರಲ್ಲ. ಕಿಡ್ನಿ ಮಾತ್ರ ನನ್ನಿಷ್ಟವಂತೆ.

ಯಾರ ಎದುರಿಗೆ ಕೂತರೂ ನನ್ನ ಮುಖ ನೋಡಿ ಲೆಕ್ಕ ಹಾಕುತ್ತಾರೆ. ಅದಕ್ಕೇ ಬರೆಯಲು ಕೂತೆ. ಇಲ್ಲಿ ಮುಖ ತೋರಿಸಬೇಕಿಲ್ಲ.

ಜೂನ್ ೫, ಗುರುವಾರ

ಎಂ.ಎ. ಮಾಡಿದ್ದು ನೀತಿಶಾಸ್ತ್ರದಲ್ಲಿ, ಹೊಟ್ಟೆ ಹೊರೆಯುತ್ತಿರುವುದು ಸುಟ್ಟ ಅಂಗಡಿಗಳಿಂದ. ವಿಮಾ ಕಂಪನಿಗೆ ಬೆಂಕಿ ಅನಾಹುತದ ಕ್ಲೇಮು ಬಂದರೆ, ಅದು ತಾನಾಗಿ ಹತ್ತಿದ್ದೋ ಹಚ್ಚಿದ್ದೋ ಎಂದು ಬೂದಿ ಕೆದಕುವುದು ನನ್ನ ಕೆಲಸ. ಮನುಷ್ಯ ಮೂಲತಃ ಸ್ವಾರ್ಥಿಯೇ, ವಿವೇಕ ಎನ್ನುವುದು ಸ್ವಾರ್ಥಕ್ಕೆ ಅರ್ಜಿ ಬರೆದುಕೊಡುವ ಗುಮಾಸ್ತನೇ ಎಂದು ಓದುವಾಗ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದೆ. ನಮ್ಮ ಸಾಹೇಬರು ಕೆಲಸಕ್ಕೆ ಸೇರಿದ ದಿನವೇ ಎರಡು ಪದದಲ್ಲಿ ಮುಗಿಸಿದರು: "ಲಾಭ ಯಾರಿಗೆ?" ಈ ಪ್ರಶ್ನೆ ಕೇಳುತ್ತ ಹೋದರೆ ಬೆಂಕಿ ಹತ್ತಿದ ಜಾಗ ತಾನಾಗಿ ಸಿಗುತ್ತದೆ ಎನ್ನುತ್ತಾರೆ. ಸಿಕ್ಕಿದೆ ಕೂಡ.

ಇವತ್ತು ಒಂದು ಹಾಸಿಗೆ ಅಂಗಡಿ. ಮಾಲೀಕನ ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು. ಅವನ ಅಂಗಡಿ ಧಗಧಗ ಉರಿಯುತ್ತಿದ್ದಾಗ ಪಕ್ಕದ ಚಹಾ ಅಂಗಡಿಯ ಹಿಂಬದಿಗೆ ನುಗ್ಗಿ ಗ್ಯಾಸ್ ಸಿಲಿಂಡರನ್ನು ಹೊರಗೆ ಎಳೆದು ತಂದನಂತೆ. ಬೀದಿಯವರೆಲ್ಲ ಅದನ್ನೇ ಹೇಳಿದರು.

"ಅಷ್ಟು ಹೊತ್ತಿಗೆ ನಿಮ್ಮ ಅಂಗಡಿ ಪೂರ್ತಿ ಹೋಗಿತ್ತಲ್ಲ?" ಎಂದೆ.

"ಹೋಗಿತ್ತು ಮೇಡಂ."

"ಮತ್ತೆ ಸಿಲಿಂಡರ್ ತಂದು ನಿಮಗೇನಾಗಬೇಕಿತ್ತು?"

"ಒಳಗೆ ಜನ ಇದ್ರಲ್ಲ," ಎಂದ, ಪಾಪ ಈಕೆಗೆ ಅರ್ಥವಾಗುವುದು ನಿಧಾನ ಎನ್ನುವ ಹಾಗೆ.

ಆಮೇಲೆ ಬೂದಿ ಕೆದಕಿದೆ. ಸುಟ್ಟ ಸರಕಿನಲ್ಲಿ ಅರ್ಧಕ್ಕರ್ಧ ಸ್ಪ್ರಿಂಗ್ ಹಾಸಿಗೆ ಎಂದು ಬರೆದುಕೊಟ್ಟಿದ್ದಾನೆ. ಹತ್ತಿ ಸುಡುತ್ತದೆ, ಬಟ್ಟೆ ಸುಡುತ್ತದೆ, ಸ್ಪ್ರಿಂಗ್ ಎಲ್ಲಿ ಹೋಗುತ್ತದೆ? ಇಡೀ ಬೂದಿಯಲ್ಲಿ ಒಂದು ಸುರುಳಿ ತಂತಿ ಇಲ್ಲ. ಕೇಳಿದರೆ ನೆಲ ನೋಡಿದ. ಜನರಿಗಾಗಿ ಬೆಂಕಿಗೆ ಕೈಯಿಟ್ಟವನೂ ಅವನೇ, ಇಲ್ಲದ ಹಾಸಿಗೆ ಸೃಷ್ಟಿಸಿದವನೂ ಅವನೇ. ಸಾಹೇಬರಿಗೆ ಫೋನ್ ಮಾಡಿದೆ. "ಸಿಲಿಂಡರ್ ವಿಷಯ ಬಿಡಿ, ಅದಕ್ಕೆ ಕಾಲಂ ಇಲ್ಲ" ಎಂದರು.

ಅಮ್ಮ ಇವತ್ತೂ ಫೋನ್ ಮಾಡಿದ್ದಳು. ಊಟ ಆಯ್ತಾ ಎಂದು ಕೇಳಲು. ಅದಕ್ಕೇ ಎಂದು ಅವಳು ಹೇಳಿದ್ದು.

ಜೂನ್ ೧೦, ಮಂಗಳವಾರ

ಇವತ್ತು ಆಸ್ಪತ್ರೆಯ ಕೌನ್ಸೆಲರ್ ನನ್ನನ್ನು ಒಬ್ಬಳನ್ನೇ ಕರೆದರು. ಚಿಕ್ಕ ಕೋಣೆ, ಎರಡು ಕುರ್ಚಿ, ನಡುವೆ ಕಣ್ಣೊರೆಸುವ ಕಾಗದದ ಡಬ್ಬಿ. ಅಳುವುದಕ್ಕೆ ಮುಂಚಿತವಾಗಿಯೇ ಏರ್ಪಾಡು. ಜೊತೆಗೆ ಬಂದಿದ್ದ ಅಮ್ಮನನ್ನು ಕೆಳಗಿನ ಮಹಡಿಗೆ ಕಳಿಸಿ, ಬಾಗಿಲು ಹಾಕಿ, "ಈಗ ಇಲ್ಲಿ ಯಾರೂ ಇಲ್ಲ. ಕೊಡೋಕೆ ನಿಮಗೆ ಮನಸ್ಸಿದೆಯಾ?" ಎಂದರು.

"ಇದೆ" ಎಂದೆ. ತೀರಾ ಬೇಗ ಹೇಳಿದೆ. ಹಾಗೆ ಬೇಗ ಹೇಳುವವರ ಕ್ಲೇಮನ್ನು ನಾನು ಎರಡು ಸಲ ನೋಡುತ್ತೇನೆ. ಆಕೆಯೂ ಅದೇ ಜಾತಿಯವರು ಎಂದು ಕಾಣುತ್ತದೆ, ಬರೆದುಕೊಳ್ಳಲಿಲ್ಲ.

"ಅವಸರ ಇಲ್ಲ," ಎಂದರು. "ಒಂದು ವಿಷಯ ತಿಳ್ಕೊಳ್ಳಿ. ಯಾರೇ ಆಗ್ಲಿ, ಯಾವ ಕಾರಣಕ್ಕೇ ಆಗ್ಲಿ, ಕೊಡೋಕಾಗಲ್ಲ ಅಂತಾದ್ರೆ ಮನೆಯವರಿಗೆ ನಾವು ಹೇಳೋದು ಒಂದೇ ವಾಕ್ಯ. 'ದಾನಿಯಾಗಲು ಸೂಕ್ತರಲ್ಲ.' ಕಾರಣ ಹೇಳಲ್ಲ, ಕಾಲಿಗೆ ಬಿದ್ರೂ ಹೇಳಲ್ಲ. ಪರೀಕ್ಷೆಯಲ್ಲಿ ಏನಾದ್ರೂ ಸಿಕ್ರೂ ಅದೇ ವಾಕ್ಯ. ಪರೀಕ್ಷೆ ಎಲ್ಲ ಸರಿಯಿದ್ದು, ನಿಮಗೆ ಬೇಡ ಅನ್ನಿಸಿದ್ರೂ ಅದೇ ವಾಕ್ಯ. ನಿಮ್ಮ ಮನಸ್ಸು ನಿಮ್ಮದು. ಇಲ್ಲಿಂದ ಹೊರಗೆ ಹೋಗಲ್ಲ."

ಹೊರಗೆ ಬರುವಾಗ ಕಾಲು ಹಗುರಾಗಿತ್ತು. ಹಗುರಾಯಿತಲ್ಲ ಎಂದು ಗೊತ್ತಾದ ಕೂಡಲೇ, ಕೆಳಗೆ ಕಾಯುತ್ತಿದ್ದ ಅಮ್ಮನ ಹತ್ತಿರ ಹೋಗದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಎಂ.ಎ. ತರಗತಿಯಲ್ಲಿ ಮೇಷ್ಟ್ರು ಕೇಳಿದ್ದರು: ಯಾರಿಗೂ, ಎಂದೆಂದಿಗೂ ಗೊತ್ತಾಗುವುದಿಲ್ಲ ಎಂದಿದ್ದರೂ ನೀವು ಒಳ್ಳೆಯದನ್ನೇ ಮಾಡುತ್ತೀರಾ? ನಾನು ಎದ್ದು ನಿಂತು, ಸದ್ಗುಣಕ್ಕೆ ಸಾಕ್ಷಿ ಬೇಕಿಲ್ಲ ಎಂದು ಉದ್ದಕ್ಕೆ ಮಾತಾಡಿ ಇಡೀ ತರಗತಿಯ ಚಪ್ಪಾಳೆ ಗಿಟ್ಟಿಸಿಕೊಂಡಿದ್ದೆ. ಚಪ್ಪಾಳೆ ಬಿತ್ತಲ್ಲ, ಅಲ್ಲೇ ವಾದ ಬಿದ್ದುಹೋಯಿತು ಎಂದು ಆಗ ಹೊಳೆಯಲಿಲ್ಲ.

ಜೂನ್ ೧೧, ಬುಧವಾರ

ಬಸ್ಸಿನಲ್ಲಿ ನಿಂತಿದ್ದಾಗ ಥಟ್ಟನೆ ಹೊಳೆಯಿತು. ಮಹಾರಾಣಿಗೆ ಹೇಳಿದ್ದೂ ಇದೇ ವಾಕ್ಯ. ಒಂದಕ್ಷರ ಆಚೀಚೆ ಇಲ್ಲ.

ಇಳಿಯಬೇಕಾದ ನಿಲ್ದಾಣ ದಾಟಿ ಹೋದೆ.

ಜೂನ್ ೧೪, ಶನಿವಾರ

ಕೂದಲು ಕತ್ತರಿಸಿಕೊಳ್ಳುವ ನೆಪ ಮಾಡಿಕೊಂಡು ಅವಳ ಪಾರ್ಲರಿಗೆ ಹೋದೆ. ನನ್ನನ್ನು ಕಂಡು ಅವಳಿಗೆ ಆಶ್ಚರ್ಯ. ನಾನು ತಲೆಗೆ ಎಣ್ಣೆ ಬಿಟ್ಟು ಬೇರೇನೂ ಮಾಡಿಸಿದವಳಲ್ಲ. ಕುತ್ತಿಗೆಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿ, "ಎಷ್ಟು ತೆಗೀಲಿ ಅತ್ತಿಗೆ?" ಎಂದಳು. ಕನ್ನಡಿಯಲ್ಲಿ ಇಬ್ಬರೂ ಎದುರುಬದುರು. ವಿಚಾರಣೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ, ಮುಖ ತಿರುಗಿಸಿದರೂ ಕಾಣುತ್ತದೆ.

"ಅಲ್ಲಾ, ನಿನಗೆ ಆಗಲ್ಲ ಅಂದ್ರಲ್ಲ, ಏನು ಕಾರಣ ಅಂದ್ರು?"

ಕತ್ತರಿ ನಿಂತಿತು. "ಅದೇನೋ ಹೇಳಿದ್ರು ಅತ್ತಿಗೆ. ಸರಿಯಾಗಿ ನೆನಪಿಲ್ಲ."

"ಬಿ.ಪಿ.ನಾ?"

"ಇರ್ಬಹುದು."

"ಸಕ್ಕರೆ?"

"ಅದೂ ಇರ್ಬಹುದು."

"ಎರಡೂ ಇದ್ರೆ ಮಾತ್ರೆ ಕೊಟ್ಟಿರ್ಬೇಕಲ್ಲ?"

 ಅವಳ ಮುಖ ಕಿವಿಯವರೆಗೂ ಕೆಂಪೇರಿತು. ಮೈಯಲ್ಲಿ ನಿಜವಾದ ತೊಂದರೆ ಕಂಡವರು ಅದರ ಹೆಸರನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ, ವೈದ್ಯರು ಹೇಳಿದ ಇಂಗ್ಲಿಷ್ ಪದವನ್ನು ತಪ್ಪುತಪ್ಪಾಗಿಯಾದರೂ ಹೇಳುತ್ತಾರೆ. ತನ್ನ ಕಾಯಿಲೆಯ ಹೆಸರು ಮರೆತವಳನ್ನು ನಾನು ಇದುವರೆಗೆ ಕಂಡಿಲ್ಲ. ಕಟ್ಟಿಕೊಂಡ ಗಂಡ! ತನ್ನ ಅಂದದ ಮೈಗೆ ಒಂದು ಗಾಯವಾಗಬಾರದು ಎಂದು ಅವನನ್ನು ಸಾಯಲು ಬಿಟ್ಟಿದ್ದಾಳೆ. ಅಷ್ಟು ಸಿಟ್ಟು ಬಂತು, ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದುಕೊಂಡು ಕೂತೆ.

ಮನೆಗೆ ಬಂದು ನೋಡಿದರೆ ಬಲಗಡೆ ಕೂದಲು ಎಡಗಡೆಗಿಂತ ಗಿಡ್ಡ. "ಇದೇನು ಹೊಸ ಫ್ಯಾಶನ್ನಾ?" ಎಂದರು ಇವರು.

ಜೂನ್ ೧೫, ಭಾನುವಾರ

ಹೇಳಿಬಿಡೋಣ ಎಂದೇ ತಮ್ಮನ ಮನೆಗೆ ಹೋದೆ. ಅಮ್ಮ ಇರುವುದು ಅಲ್ಲೇ. ಹೋಗುತ್ತಿದ್ದಂತೆಯೇ ಅಮ್ಮ ಸೊಸೆಯ ಗುಣಗಾನಕ್ಕೆ ಕೂತಳು. "ಪಾಪ, ಕೊಡಬೇಕು ಅಂತ ಎಷ್ಟು ಆಸೆ ಇಟ್ಕೊಂಡಿದ್ಲು. ಆಗಲ್ಲ ಅಂದ ದಿನ ಅನ್ನ ಮುಟ್ಟಲಿಲ್ಲ ಕಣೇ." ಸೊಸೆ ಆಚೆ ಕೋಣೆಯಲ್ಲಿ ಮಗಳಿಗೆ ಜಡೆ ಹಾಕುತ್ತಿದ್ದಳು.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಮ್ಮಾ, ಆಸ್ಪತ್ರೆಯವರ ಆ ವಾಕ್ಯಕ್ಕೆ ಅರ್ಥವಿಲ್ಲ, ಬೇಡ ಅಂದವರಿಗೂ ಅದನ್ನೇ ಹೇಳುತ್ತಾರೆ. ಇಷ್ಟೇ ಹೇಳಿದ್ದರೆ ಸಾಕಿತ್ತು.

ಹೇಳಲಿಲ್ಲ. ಯಾಕೆ ಎಂದು ಇಲ್ಲಾದರೂ ಬರೆಯಬೇಕು. ಆ ವಾಕ್ಯದ ಗುಟ್ಟು ಬಿಚ್ಚಿಟ್ಟರೆ ಅವಳ ಬಾಗಿಲಷ್ಟೇ ಅಲ್ಲ, ನನ್ನ ಬಾಗಿಲೂ ಮುಚ್ಚುತ್ತದೆ. ನಾಳೆ ನಾನು ಅದೇ ದಾರಿಯಲ್ಲಿ ಜಾರಿಕೊಳ್ಳಬೇಕಾಗಿ ಬಂದರೆ ಅಮ್ಮ ನನ್ನ ಮುಖ ನೋಡುತ್ತಾಳೆ. ಅದಕ್ಕೇ ತೆಪ್ಪಗೆ ಚಹಾ ಕುಡಿದು ಬಂದೆ. ಅವಳ ಮಾನ ಕಾಪಾಡಿದ್ದು ನನ್ನ ಸ್ವಾರ್ಥ. ಲಾಭ ಯಾರಿಗೆ ಎಂದು ಸಾಹೇಬರು ಕೇಳಿದ್ದರೆ ಕೈಯೆತ್ತಬೇಕಿತ್ತು.

ಜೂನ್ ೧೯, ಗುರುವಾರ

ಒಂದೇ ಕಿಡ್ನಿಯಲ್ಲಿ ಬದುಕಿದವರ ಬಗ್ಗೆ ಆಫೀಸಿನಲ್ಲಿ ಕೂತು ಓದಿದೆ. ಮಕ್ಕಳನ್ನು ಹೆತ್ತಿದ್ದಾರೆ, ಬೆಟ್ಟ ಹತ್ತಿದ್ದಾರೆ, ಮ್ಯಾರಥಾನ್ ಓಡಿದ್ದಾರೆ. ಎರಡು ಕಿಡ್ನಿ ಇಟ್ಟುಕೊಂಡು ನಾನು ಬಸ್ಸಿಗೂ ಓಡುವುದಿಲ್ಲ.

ಆಪರೇಷನ್ ಟೇಬಲ್ಲಿನ ಮೇಲೇ ಸತ್ತವರ ಬಗ್ಗೆಯೂ ಓದಿದೆ. ಬಹಳ ಕಡಿಮೆಯಂತೆ. ಕಡಿಮೆ ಎಂದರೆ ಯಾರೋ ಒಬ್ಬರಿದ್ದಾರೆ ಎಂದಾಯಿತು.  ಮಾಡಿದ ಅಡುಗೆಗೆ ಎರಡೆರಡು ಸಲ ಉಪ್ಪು ಹಾಕಿದ್ದೇನೆ. ಇವರು ತಕರಾರು ಮಾಡದೆ ತಟ್ಟೆ ಖಾಲಿ ಮಾಡಿದರು, ಅದನ್ನು ನೋಡಿ ಇನ್ನಷ್ಟು ಹೆದರಿಕೆಯಾಯಿತು.

ಜೂನ್ ೨೪, ಮಂಗಳವಾರ

ಗುಂಡನ ಜೊತೆ ಡಯಾಲಿಸಿಸ್‌ಗೆ ಇವತ್ತು ನಾನು ಹೋದೆ. ಸೂಜಿ ಚುಚ್ಚಲು ಅವನ ಕೈಯಲ್ಲಿ ಮಾಡಿದ್ದ ರಕ್ತನಾಳದ ದಾರಿ ಮತ್ತೆ ಕಟ್ಟಿಕೊಂಡಿದೆ. ನರ್ಸು ಒಂದು ಕಡೆ ಚುಚ್ಚಿದಳು, ಇನ್ನೊಂದು ಕಡೆ ಚುಚ್ಚಿದಳು, ಆಮೇಲೆ ಡಾಕ್ಟರನ್ನು ಕರೆದಳು. ಡಾಕ್ಟರು ಹೇಗೋ ಸೂಜಿ ಕೂರಿಸಿ, ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, "ಇನ್ನು ಜಾಸ್ತಿ ಜಾಗ ಉಳಿದಿಲ್ಲ. ಹೀಗೇ ತುಂಬ ಕಾಲ ನಡೆಯಲ್ಲ" ಎಂದರು. 

ಯಂತ್ರ ಗುಂಯ್ ಎನ್ನುತ್ತಿತ್ತು. ಗುಂಡ ಕಣ್ಣು ಮುಚ್ಚಿಕೊಂಡೇ ಮಾತಾಡಿದ.

"ಅಕ್ಕಾ, ಇವಳದು ಆಗಲ್ಲ ಅಂದಾಗ ನನಗೆ ಒಂಥರಾ ನೆಮ್ಮದಿ ಆಯ್ತು. ಮಗು ಇದೆಯಲ್ಲ. ನಿಂದೂ ಆಗಲ್ಲ ಅಂದ್ರೆ ಆಗ್ಲೂ ನೆಮ್ಮದೀನೇ."

"ಹೂಂ" ಎಂದೆ.

ಆಮೇಲೆ ಕಣ್ಣು ತೆರೆದು, "ಸುಳ್ಳು ಅಕ್ಕಾ" ಎಂದ. "ಆಗುತ್ತೆ ಅಂತ ಕಾಯ್ತಾ ಇದೀನಿ. ನಿನ್ನ ಫೋನ್ ಬಂದ್ರೆ ಎದೆ ಹಾರುತ್ತೆ. ಬೇರೆಯವರ ಮೈಯಿಂದ ಒಂದು ಭಾಗ ಕಿತ್ತು ನನಗೆ ಕೊಡ್ಲಿ ಅಂತ ಕಾಯ್ತಾ ಕೂತಿದೀನಲ್ಲ, ಎಂಥ ಮನುಷ್ಯ ನಾನು. ನಾಚಿಕೆ ಆಗುತ್ತೆ. ಆದ್ರೆ ಬದುಕಬೇಕು ಅಕ್ಕಾ."

ಅವನ ಕಾಲಿನ ಮೇಲೆ ಹೊದಿಕೆ ಸರಿಮಾಡಿದೆ. ಆ ಕಾಲಿಗೆ ಶೂ ಲೇಸ್ ಕಟ್ಟಲು ಕಲಿಸಿದವಳು ನಾನು. ತಡೆಯಲಾರದೆ ಅಳು ಬಂತು. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಜುಲೈ ೧, ಮಂಗಳವಾರ

ಹೂಂ ಅಂದೆ. ಕೌನ್ಸೆಲರ್ ಈ ಸಲ ಬರೆದುಕೊಂಡರು.

ಜುಲೈ ೩, ಗುರುವಾರ

ಹೂಂ ಅಂದದ್ದು ಯಾಕೆ? ಕೇಳಿಕೊಳ್ಳಬಾರದು ಎಂದರೂ ವೃತ್ತಿಯ ಚಾಳಿ ಬಿಡುವುದಿಲ್ಲ. ಅವನು ಸತ್ತರೆ ಉಳಿದ ಆಯುಸ್ಸನ್ನೆಲ್ಲ 'ಬದುಕಬೇಕು ಅಕ್ಕಾ' ಎಂದ ಆ ಮಾತು ಕೇಳಿಸಿಕೊಳ್ಳುತ್ತ ಕಳೆಯಬೇಕಲ್ಲ ಎಂದೇ? ಹಾಗಾದರೆ ಕೊಡುತ್ತಿರುವುದು ನನ್ನ ನೆಮ್ಮದಿಗೆ. ಅಮ್ಮ ನನ್ನನ್ನು ತಲೆಯ ಮೇಲೆ ಹೊತ್ತು ಮೆರೆಯಲಿ ಎಂದೇ? ಅದೂ ಇದೆ. ಮಹಾರಾಣಿ ಮಾಡದ್ದನ್ನು ನಾನು ಮಾಡಿ ತೋರಿಸಬೇಕು ಎಂದೇ? ಅದಂತೂ ಇದ್ದೇ ಇದೆ. ಈರುಳ್ಳಿಯ ಹಾಗೆ ಸಿಪ್ಪೆ ಸುಲಿಯುತ್ತ ಹೋದರೆ ಕೈಗೆ ಏನೂ ಸಿಗದೆ ಕಣ್ಣು ಮಾತ್ರ ಉರಿಯುತ್ತದೆ.

ಹಾಸಿಗೆ ಅಂಗಡಿಯ ವರದಿ ಮುಗಿಸಿದೆ. ಸ್ಪ್ರಿಂಗ್ ಹಾಸಿಗೆ ಇರಲಿಲ್ಲ ಎಂದು ಬರೆದೆ. ಸಿಲಿಂಡರ್ ವಿಷಯವನ್ನೂ ಬರೆದೆ. ಕಾಲಂ ಇಲ್ಲದಿದ್ದರೇನು, ಹಾಳೆಗೆ ಅಂಚು ಇದೆ. ಸಾಹೇಬರು ನೋಡಿ ಹುಬ್ಬು ಹಾರಿಸಿದರು, ಹೊಡೆದುಹಾಕಲಿಲ್ಲ.

ಸೋಮವಾರ ಸ್ಕ್ಯಾನು. ಹೆದರಿಕೆ ಹಾಗೇ ಇದೆ. ಒಳ್ಳೆಯ ನಿರ್ಧಾರ ಮಾಡಿದ ಮೇಲೆ ಮನಸ್ಸು ತಿಳಿಯಾಗುತ್ತದೆ ಎಂದು ಬರೆದವರೆಲ್ಲ ಯಾವ ಆಪರೇಷನ್ನಿಗೂ ಹೋದವರಲ್ಲ.

ಜುಲೈ ೧೦, ಗುರುವಾರ

ನನ್ನ ಎಡಗಡೆಯ ಕಿಡ್ನಿ ಹುಟ್ಟಿನಿಂದಲೇ ಚಿಕ್ಕದಂತೆ. ಹೆಚ್ಚುಕಡಿಮೆ ಎಲ್ಲ ಕೆಲಸವನ್ನೂ ಬಲಗಡೆಯದೊಂದೇ ಮಾಡುತ್ತಿದೆಯಂತೆ. ಇಷ್ಟು ದಿನ ಸೊಂಟಕ್ಕೆ ಕೈಯಿಟ್ಟು ಕಾಪಾಡಿದ್ದು ಆ ಸೋಮಾರಿಯನ್ನು.

"ಚಿಕ್ಕದನ್ನ ಕೊಟ್ರೆ ನಿಮ್ಮ ತಮ್ಮನಿಗೆ ಉಪಯೋಗ ಇಲ್ಲ, ದೊಡ್ಡದನ್ನ ತೆಗೆದ್ರೆ ನೀವೇ ಅವರ ಪಕ್ಕದ ಹಾಸಿಗೆಗೆ ಬರ್ತೀರಿ" ಎಂದರು ಕೌನ್ಸೆಲರ್. "ಮನೆಯವರಿಗೆ ನಾವು ಮಾಮೂಲಿ ವಾಕ್ಯ ಹೇಳ್ತೀವಿ. ಕಾರಣ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು."

ಮೊದಲು ಬಂದದ್ದು ನೆಮ್ಮದಿ. ಸುಳ್ಳು ಬರೆಯುವುದಿಲ್ಲ. ಇಡೀ ಮೈ ಸಡಿಲಾಯಿತು, ನಗು ಬರುವಂತಾಯಿತು. ಅದರ ಹಿಂದೆಯೇ ಗುಂಡನ ಮುಖ ಬಂತು, ಆ ಡಬ್ಬಿಯ ಕಾಗದವನ್ನೆಲ್ಲ ಖಾಲಿ ಮಾಡಿದೆ. ಆಮೇಲೆ ಬಂದದ್ದು ಸಿಟ್ಟು. ಇಷ್ಟು ಒದ್ದಾಡಿ ಹೂಂ ಅಂದಿದ್ದೆ, ಅದು ಯಾರ ಲೆಕ್ಕಕ್ಕೂ ಬರಲಿಲ್ಲವಲ್ಲ.

ಸಂಜೆ ಇವರಿಗೆ ಹೇಳಿದೆ.  ಕೈ ಹಿಡಿದುಕೊಂಡು ಬಹಳ ಹೊತ್ತು ಕೂತರು. ಅಡುಗೆಗೆ ಏಳಲು ಹೋದರೂ ಬಿಡಲಿಲ್ಲ. ಇಷ್ಟು ದಿನದ 'ನಿನ್ನಿಷ್ಟ'ದೊಳಗೆ ಎಷ್ಟು ಹೆದರಿಕೆಯಿತ್ತು ಎಂದು ಈಗ ಗೊತ್ತಾಯಿತು.

ಶನಿವಾರ ಹೋಗಿ ಎಲ್ಲರನ್ನೂ ಕೂರಿಸಿ ವಿವರವಾಗಿ ಹೇಳಬೇಕು. ಆಸ್ಪತ್ರೆಯವರ ಆ ಪೊಳ್ಳು ವಾಕ್ಯದ ಜೊತೆ ನನ್ನನ್ನು ಬಿಡಲಾರೆ. ನಾನು ಹೂಂ ಅಂದಿದ್ದೆ ಎಂದು ಅವರಿಗೆ ಗೊತ್ತಾಗಬೇಕು.

ಜುಲೈ ೧೨, ಶನಿವಾರ

ಹೋದೆ. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಆಸ್ಪತ್ರೆಯವರು ಆಗಲೇ ಫೋನ್ ಮಾಡಿ ಆ ವಾಕ್ಯ ಹೇಳಿಯಾಗಿತ್ತು. ಅಮ್ಮ ತಲೆ ನೇವರಿಸಿದಳು. ಗುಂಡ, "ಹೋಗ್ಲಿ ಬಿಡು ಅಕ್ಕಾ, ಕಿಡ್ನಿಗೆ ಕಾಯೋರ ಸರ್ಕಾರಿ ಪಟ್ಟಿಯಲ್ಲಿ ಹೆಸರಿದೆಯಲ್ಲ" ಎಂದು ನಕ್ಕ. ಆ ಪಟ್ಟಿ ಎಷ್ಟು ಉದ್ದ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಅವನ ನಗು ನೋಡಲಾಗಲಿಲ್ಲ. "ಅದು ಏನಾಯ್ತು ಅಂದ್ರೆ" ಎಂದು ಶುರುಮಾಡಿದೆ.

ಅಷ್ಟರಲ್ಲಿ ಅಡುಗೆಮನೆಯಿಂದ ತಮ್ಮನ ಹೆಂಡತಿ, "ಅತ್ತಿಗೆ, ಒಂದ್ನಿಮಿಷ ಬನ್ನಿ, ಹಾಲು ಉಕ್ತಾ ಇದೆ" ಎಂದು ಕೂಗಿದಳು.

ಹೋದರೆ ಒಲೆಯ ಮೇಲೆ ಹಾಲೂ ಇಲ್ಲ, ನೀರೂ ಇಲ್ಲ. ಬಾಗಿಲು ಹಾಕಿದಳು. ಹುಬ್ಬು ಬೆಳೆದು ಅಡ್ಡಾದಿಡ್ಡಿಯಾಗಿತ್ತು, ಅದನ್ನು ಮೊದಲ ಸಲ ಹಾಗೆ ನೋಡಿದೆ. ನನ್ನ ಎರಡೂ ಕೈ ಹಿಡಿದುಕೊಂಡು ಪಿಸುಗುಟ್ಟಿದಳು.

"ನೀವು ಏನೂ ಹೇಳ್ಬೇಡಿ ಅತ್ತಿಗೆ. ಕಾರಣ ಹುಡುಕೋಕೆ ಹೋಗ್ಬೇಡಿ, ಅಮ್ಮ ಮೇಲಿಂದ ಮೇಲೆ ಕೇಳ್ತಾರೆ, ಸಿಕ್ಕಿಹಾಕ್ಕೋತೀರಿ. ನನಗೆ ಗೊತ್ತು. ಆ ಕೋಣೆ, ಆ ಮೇಡಂ, ಆ ವಾಕ್ಯ, ಎಲ್ಲಾ ಗೊತ್ತು."

ನಾನು ಅವಳ ಮುಖ ನೋಡಿದೆ.

"ನನ್ನ ಪರೀಕ್ಷೆ ಎಲ್ಲಾ ಸರಿಯಾಗಿತ್ತು" ಎಂದಳು. "ಇಬ್ರೂ ಒಂದೇ ದಿನ ಆ ಟೇಬಲ್ ಮೇಲೆ ಮಲಗಿದ್ರೆ ಮಗು ಗತಿ ಏನು ಅಂತ ಆ ಮೇಡಂಗೆ ಹೇಳಿದೆ. ಅದು ನೆಪ ಅತ್ತಿಗೆ. ಹೆದರಿಕೆ ನಂದೇ. ಕತ್ತರಿಸ್ತಾರೆ ಅಂತ ನೆನೆಸ್ಕೊಂಡ್ರೆ ಕೈಕಾಲು ತಣ್ಣಗಾಗ್ತಿತ್ತು. ಆಮೇಲಿಂದ ಅವರ ಪಕ್ಕ ಮಲಗೋಕಾಗ್ತಿಲ್ಲ. ಅವರು ಪಾಪ ಅಂತಾರೆ ನನ್ನ! ಅಮ್ಮ ಪಾಪ ಅಂತಾರೆ! ನಿಮ್ಮದೂ ಆಗಲ್ಲ ಅಂತ ಫೋನ್ ಬಂದಾಗ, ನಾನೊಬ್ಬಳೇ ಅಲ್ಲ, ಅತ್ತಿಗೇನೂ ನನ್ನ ಹಾಗೇ ಅಂತ... ಅಂಥ ಹೊತ್ತಲ್ಲೂ ಉಸಿರು ಬಂದ ಹಾಗಾಯ್ತು."

ಇಲ್ಲ, ನಾನು ಹೂಂ ಅಂದವಳು, ನನ್ನ ಎಡಗಡೆಯದು ಚಿಕ್ಕದು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಬಾಯಿಪಾಠವೂ ಆಗಿತ್ತು. ಆದರೆ ಅವಳು ಕೈ ಬಿಡುತ್ತಿರಲಿಲ್ಲ, ಕೈ ಹಿಡಿದುಕೊಂಡಿದ್ದಾಗ ವಾದ ಮಾಡುವುದು ಕಷ್ಟ.

"ನನಗೂ ಬಹಳ ಹೆದರಿಕೆ ಆಗಿತ್ತು ಕಣೇ" ಎಂದೆ.

ಅವಳು ಭುಜಕ್ಕೆ ಮುಖವಿಟ್ಟು ಬಿಕ್ಕಿದಳು. ಹೊರಗಿನಿಂದ ಅಮ್ಮ, "ಹಾಲು ಪೂರ್ತಿ ಉಕ್ಕಿಹೋಯ್ತೇನ್ರೇ?" ಎಂದಳು. "ಸ್ವಲ್ಪ ಉಳಿದಿದೆ ಅಮ್ಮ" ಎಂದೆ.

ಆಮೇಲೆ ಹೊರಗೆ ಹೋಗಿ ಕಿಡ್ನಿಯ ವಿಷಯ ಎತ್ತಲು ಯಾಕೋ ಆಗಲಿಲ್ಲ. ಬಸ್ಸಿಗೂ ಹೊತ್ತಾಗಿತ್ತು.

ಜುಲೈ ೧೫, ಮಂಗಳವಾರ

ನನ್ನ ಕಿಡ್ನಿ ಚಿಕ್ಕದೆಂದು ತಮ್ಮನ ಮನೆಯಲ್ಲಿ ಯಾರಿಗೂ ಹೇಳಬೇಡಿ ಎಂದು ಇವರಿಗೆ ಹೇಳಿದೆ.

"ಯಾಕೆ? ಅದರಲ್ಲಿ ಮುಚ್ಚಿಡೋದೇನಿದೆ?"

"ಸುಮ್ನೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ ರೀ. ಎಲ್ಲದಕ್ಕೂ ಕಾರಣ ಬೇಕಾ?"

ನನ್ನ ಬಾಯಲ್ಲಿ ಈ ಮಾತು ಕೇಳಿ ಅವರು ಗಾಬರಿಯಾಗಿ ಜ್ವರ ಇದೆಯೇನೋ ಎಂದು ಹಣೆ ಮುಟ್ಟಿ ನೋಡಿದರು.

ಗುಂಡನಿಗೆ ಇವತ್ತು ಕುತ್ತಿಗೆಯ ಹತ್ತಿರ ನಳಿಕೆ ಹಾಕಿದರಂತೆ. ಕೈಯಲ್ಲಿ ಇನ್ನು ಜಾಗವಿಲ್ಲ. ಫೋನ್ ಸದ್ದಾದರೆ ನನ್ನ ಎದೆ ಬಾಯಿಗೆ ಬರುತ್ತದೆ.

ಜುಲೈ ೨೩, ಬುಧವಾರ

ತಮ್ಮನ ಹೆಂಡತಿ ಆಫೀಸಿಗೆ ಫೋನ್ ಮಾಡಿದ್ದಳು. ಪಾರ್ಲರಿನ ಹಿಂದುಗಡೆ ನಿಂತು ಮಾತಾಡುತ್ತಿದ್ದಳು ಎಂದು ಕಾಣುತ್ತದೆ, ನೀರು ಬೀಳುವ ಸದ್ದು ಕೇಳುತ್ತಿತ್ತು.

"ಅತ್ತಿಗೆ, ನಾಳೆ ರಜ ಹಾಕ್ತೀರಾ? ಆ ಮೇಡಂ ಹತ್ರ ಇನ್ನೊಂದ್ಸಲ ಹೋಗೋಣ. ಇಬ್ರೂ."

"ಇಬ್ರೂ ಯಾಕೆ?"

"ಒಬ್ಬಳೇ ಹೋದ್ರೆ ಬಾಗಿಲಿಂದ ವಾಪಸ್ ಬಂದ್ಬಿಡ್ತೀನಿ. ನೀವೂ ನನ್ನ ಹಾಗೇ ಅಲ್ವಾ? ಮೊದಲು ನಾನು ಒಳಗೆ ಹೋಗ್ತೀನಿ, ಆಮೇಲೆ ನೀವು. ಇಬ್ರಲ್ಲಿ ಒಬ್ರಿಗೆ ಧೈರ್ಯ ಬಂದ್ರೂ ಸಾಕಲ್ವಾ ಅತ್ತಿಗೆ?"

"ಬರ್ತೀನಿ" ಎಂದೆ. ನಾನು ಒಳಗೆ ಹೋಗಿ ಏನು ಹೇಳಬೇಕು ಎಂದು ಯೋಚಿಸಿದರೆ ಬೆವರು ಬರುತ್ತದೆ. ನಿಜ ಹೇಳಿಬಿಟ್ಟರೆ ಅವಳು ಒಬ್ಬಳೇ ಆಗುತ್ತಾಳೆ, ಒಬ್ಬಳೇ ಆದರೆ ಹೋಗುವುದಿಲ್ಲ. ಗುಂಡನಿಗೆ ಬೇರೆ ದಾರಿ ಇಲ್ಲ. ಹೋಗಲಿ, ನಾಳೆಯ ಮಾತು ನಾಳೆ.

ಜುಲೈ ೨೪, ಗುರುವಾರ

ಕೌನ್ಸೆಲರ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತೆವು.  ಅವಳು ಎರಡು ಸಲ ಎದ್ದು ನಲ್ಲಿಯವರೆಗೆ ಹೋಗಿ ಬಂದಳು. ಮೂರನೆಯ ಸಲ ಏಳುವಾಗ, ಇವಳು ಇನ್ನು ಮೆಟ್ಟಿಲ ಕಡೆಗೇ ಹೋಗುತ್ತಾಳೆ ಎಂದುಕೊಂಡೆ. ಹಿಡಿದು ಕೂರಿಸಬೇಕೆನ್ನಿಸಿತು. ಹಿಡಿಯಲಿಲ್ಲ. "ಬೇಡ ಅನ್ನಿಸಿದ್ರೆ ಮನೆಗೆ ಹೋಗೋಣ ಕಣೇ. ನಾನೇನೂ ಅಂದ್ಕೊಳಲ್ಲ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದೆ. ಯಾಕೆ ಹಾಗೆಂದೆನೋ. ಗುಂಡನ ಜೀವ ಆ ಬಾಗಿಲಿನಲ್ಲಿ ನಿಂತಿರುವಾಗ.

ಅವಳು ನನ್ನನ್ನು ನೋಡಿದಳು. ಕಣ್ಣೊರೆಸಿಕೊಂಡು ಬಾಗಿಲು ತಳ್ಳಿ ಒಳಗೆ ಹೋದಳು.

ಬಹಳ ಹೊತ್ತಾಯಿತು. ಎದುರಿನ ಗೋಡೆಗೆ ಹಾಕಿದ್ದ ಕೈ ತೊಳೆಯುವ ವಿಧಾನವನ್ನು ನಾನು ಕಂಠಪಾಠ ಮಾಡಿ ಮುಗಿಸಿದೆ. ಬಾಗಿಲು ತೆರೆದಾಗ ಅವಳ ಮುಖ ಊದಿಕೊಂಡಿತ್ತು, ಮೂಗು ಕೆಂಪಗಾಗಿತ್ತು.

"ಮೂರು ಸಲ ಕೇಳಿದ್ರು ಅತ್ತಿಗೆ. ಯಾರಾದ್ರೂ ಒತ್ತಾಯ ಮಾಡಿದ್ರಾ ಅಂದ್ರು. ಇಲ್ಲ, ನಮ್ಮ ಅತ್ತಿಗೆ ಮನೆಗೆ ಹೋಗೋಣ ಅಂದ್ರು, ನಾನೇ ಬಂದೆ ಅಂದೆ. ಮೂರು ಸಲಾನೂ ಹೂಂ ಅಂದೆ. ಪರೀಕ್ಷೆ ಮತ್ತೆ ಮೊದಲಿಂದ ಮಾಡ್ತಾರಂತೆ."

ಇನ್ನು ನನ್ನ ಸರದಿ. ಎದ್ದೆ. ಒಳಗೆ ಹೋಗಿ ಸುಮ್ಮನೆ ಕೂತು ಬರೋಣ ಎಂದುಕೊಂಡಿದ್ದೆ. ಅವಳು ಭುಜ ಒತ್ತಿ ನನ್ನನ್ನು ಕೂರಿಸಿದಳು.

"ನೀವು ಹೋಗ್ಬೇಡಿ. ನಿಮಗಿನ್ನೂ ಹೆದರಿಕೆ ಹೋಗಿಲ್ಲ, ಮುಖದಲ್ಲೇ ಕಾಣುತ್ತೆ. ಪರವಾಗಿಲ್ಲ ಅತ್ತಿಗೆ. ನಾನೊಬ್ಬಳು ಸಾಕು."

ಬಾಗಿಲಲ್ಲಿ ಕೌನ್ಸೆಲರ್ ನಿಂತಿದ್ದರು. ನನ್ನ ಎಡಗಡೆಯ ಕಿಡ್ನಿಯ ಅಳತೆ ಈ ಕಟ್ಟಡದಲ್ಲಿ ಚೆನ್ನಾಗಿ ಗೊತ್ತಿರುವವರು ಅವರು. ನನ್ನನ್ನು ನೋಡಿದರು, ಅವಳನ್ನು ನೋಡಿದರು, ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಂಡರು.

ಅವಳು ಪಕ್ಕದಲ್ಲಿ ಕೂತು, ಯಾರಿಗೂ ಕೇಳಿಸಬಾರದೆಂದು ಕಿವಿಯ ಹತ್ತಿರ ಬಂದಳು.

"ನಿಮ್ಮ ವಿಷಯ ನನ್ನ ಹೊಟ್ಟೆಯಲ್ಲೇ ಇರುತ್ತೆ. ಅಮ್ಮನಿಗೆ ಹೇಳಲ್ಲ, ಇವರಿಗೂ ಹೇಳಲ್ಲ. ಯಾವತ್ತೂ. ನನ್ನ ಮಗಳಾಣೆ."

"ಹೇಳ್ಬೇಡ ಕಣೇ," ಎಂದೆ. "ನಿನ್ನ ಉಪಕಾರ ಮರೆಯಲ್ಲ."

ಕೆಳಗೆ ಕ್ಯಾಂಟೀನಿನಲ್ಲಿ ಅವಳೇ ನನಗೆ ಚಹಾ ಕೊಡಿಸಿದಳು. ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಯಲ್ಲಿರುವಷ್ಟು ದಿನ ಮಗುವನ್ನು ನಮ್ಮ ಮನೆಯಲ್ಲಿ ಬಿಡುವುದೆಂದು ಮಾತಾಯಿತು.